ಪಾಪವೇ ಇಲ್ಲದ ಯೇಸು ದೀಕ್ಷಾಸ್ನಾನ ಯಾಕೆ ಪಡೆದರು?

ಪ್ರಶ್ನೆ: ದೀಕ್ಷಾಸ್ನಾನ (ಬ್ಯಾಪ್ಟಿಸಮ್, ಕ್ರೈಸ್ತರು ನೀರಿನಿಂದ ಮಾಡಿಸುವ ವಿಧಿ) ಅಂದರೆ ಪಾಪ ತೊಳೆದುಕೊಳ್ಳುವುದು ಎನ್ನುತ್ತಾರೆ. ಹಾಗಿದ್ದರೆ ಯೇಸುವಿಗೆ ಅದು ಯಾಕೆ ಬೇಕಿತ್ತು? ಈ ಪದ್ಧತಿ ಶುರುವಾಗಿದ್ದೇ ಅವರಿಂದ ಅಲ್ವಾ?

ಉತ್ತರ: ಅಲ್ಲ. ಯೇಸು ಯೊರ್ದನ್ ನದಿಗೆ ಬರುವ ಹೊತ್ತಿಗೆ ಯೋಹಾನ ಎಂಬ ಪ್ರವಾದಿ ಅಲ್ಲಿ ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಲೇ ಇದ್ದ. ಅವನಿಗಿಂತ ಮುಂಚೆಯೂ ಯೆಹೂದ್ಯರಲ್ಲಿ ಶುದ್ಧಿಗಾಗಿ ನೀರಿನಲ್ಲಿ ಮುಳುಗುವ ರೂಢಿ ಇತ್ತು. ಅದಕ್ಕೆಂದೇ ಕಟ್ಟಿದ ಮೆಟ್ಟಿಲುಗಳಿರುವ ಕೊಳಗಳು ಜೆರುಸಲೇಮಿನಲ್ಲಿ ಅಗೆದಾಗ ಸಿಕ್ಕಿವೆ. ಆದರೆ ಅಲ್ಲಿ ಮೈಲಿಗೆಯಾದಾಗಲೆಲ್ಲ ಮುಳುಗಬೇಕು, ತಾವೇ ಮುಳುಗಬೇಕು. ಯೋಹಾನನ ಹತ್ತಿರ ಬಂದವರು ತಪ್ಪು ಒಪ್ಪಿಕೊಂಡು, ಅವನ ಕೈಯಿಂದ ಸ್ನಾನ ಪಡೆದು, ಬದುಕು ಬದಲಿಸಿಕೊಳ್ಳಬೇಕಿತ್ತು.

ನೀವು ಕೇಳಿದ್ದನ್ನೇ ಯೋಹಾನನೂ ಕೇಳಿದ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 3ನೇ ಅಧ್ಯಾಯ ನೋಡಿ. ನಾನು ನಿನ್ನಿಂದ ಪಡೆಯಬೇಕಾದವನು, ನೀನೇ ನನ್ನ ಹತ್ತಿರ ಬರುತ್ತೀಯಾ ಎಂದು ಅವನು ತಡೆಯುತ್ತಾನೆ. ದೇವರು ಬಯಸಿದ್ದನ್ನು ಪೂರ್ತಿ ಮಾಡಬೇಕು, ಈಗ ಒಪ್ಪಿಕೋ ಎಂಬರ್ಥದ ಉತ್ತರ ಕೊಡುತ್ತಾರೆ ಯೇಸು. ತೊಳೆಯಲು ಪಾಪವಿಲ್ಲದಿದ್ದರೂ ಪಾಪಿಗಳ ಸಾಲಿನಲ್ಲೇ ನಿಂತರು ಎಂದು ಕ್ರೈಸ್ತ ಸಭೆಯ (ಚರ್ಚಿನ) ಗುರುಗಳು ಇದನ್ನು ವಿವರಿಸುತ್ತಾರೆ. ಯೇಸುವಿನ ಬಹಿರಂಗ ಸೇವೆ ಶುರುವಾಗುವುದೂ ಇದಾದ ಮೇಲೆಯೇ. ಇತಿಹಾಸಕಾರರು ಬೇರೊಂದು ಮಾತು ಹೇಳುತ್ತಾರೆ, ನನಗೆ ಅದು ಸರಿ ಅನ್ನಿಸುತ್ತದೆ: ಇಷ್ಟು ಮುಜುಗರ ತರುವ ಕಥೆಯನ್ನು ಶಿಷ್ಯರು ಸುಮ್ನೆ ಕಟ್ಟಿರಲಾರರು, ಹಾಗಾಗಿ ಇದು ನಡೆದದ್ದೇ ಇರಬೇಕು.

ಇನ್ನು ತೊಳೆಯುವ ಅರ್ಥಕ್ಕೆ ಬರೋಣ. ಅದು ಇದೆ, ಆದರೆ ಅರ್ಧ ಮಾತ್ರ. ಎಫೆಸ ಪಟ್ಟಣದಲ್ಲಿ ಯೋಹಾನನ ದೀಕ್ಷಾಸ್ನಾನವನ್ನಷ್ಟೇ ಪಡೆದಿದ್ದ ಕೆಲವರು ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನಿಗೆ ಸಿಕ್ಕಾಗ, ಅವರಿಗೆ ಯೇಸುವಿನ ಹೆಸರಿನಲ್ಲಿ ಮತ್ತೆ ದೀಕ್ಷಾಸ್ನಾನವಾಯಿತು. ವ್ಯತ್ಯಾಸ ಏನು? ರೋಮಿನವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನೇ ಹೇಳುತ್ತಾನೆ: ಇದು ಕ್ರಿಸ್ತನ ಜೊತೆ ಸಾಯುವುದು, ಹೂಳಲ್ಪಡುವುದು, ಹೊಸ ಬದುಕಿಗೆ ಏಳುವುದು. ಕೊಳೆ ತೊಳೆದುಕೊಂಡರೂ ಉಳಿಯುವವನು ಹಳೆಯ ಮನುಷ್ಯನೇ. ಇಲ್ಲಿ ಹಳೆಯ ಮನುಷ್ಯನೇ ಮುಗಿದುಹೋಗುತ್ತಾನೆ.

ತೊಳೆಯುವ ಅರ್ಥವನ್ನೇ ಜಾಸ್ತಿ ಹಿಡಿದುಕೊಂಡವರು ಲೆಕ್ಕಾಚಾರಕ್ಕೂ ಇಳಿದರು. ಮೊದಲೇ ತೊಳೆಸಿಕೊಂಡರೆ ಆಮೇಲಿನ ಪಾಪಕ್ಕೇನು ಗತಿ ಎಂದು ಹೆದರಿ ಕೆಲವರು ಮುಂದೂಡುತ್ತಿದ್ದರು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವ ಸ್ವಲ್ಪ ಮುಂಚೆ.

ಮಗುವಿಗೆ ಮಾಡಿಸಬಹುದೇ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಲುಥೆರನ್, ಆಂಗ್ಲಿಕನ್ ಸಭೆಗಳು ಮಾಡಿಸುತ್ತವೆ. ಬ್ಯಾಪ್ಟಿಸ್ಟ್ ಮತ್ತು ಬಹುತೇಕ ಪೆಂಟೆಕೊಸ್ಟಲ್ ಸಭೆಗಳು, ನಂಬಿಕೆ ಅವರವರೇ ಹೇಳಿಕೊಳ್ಳಬೇಕು ಎನ್ನುತ್ತವೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಫೆಲಿಕ್ಸ್ ಮಾನ್ಜ್ ಎಂಬವನನ್ನು ನಗರದ ಆಡಳಿತ 1527ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದಿತು. ಈಗ ಅಂಥ ಶಿಕ್ಷೆ ಇಲ್ಲ. ಆದರೂ ಸಭೆ ಬದಲಿಸುವವರು ವಿಚಾರಿಸಿಕೊಳ್ಳುವುದು ಒಳ್ಳೆಯದು: ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಕ್ಯಾಥೊಲಿಕ್ ಸಭೆ ಮತ್ತೆ ಮಾಡಿಸುವುದಿಲ್ಲ, ಮಗುವಾಗಿದ್ದಾಗ ಆಗಿದ್ದನ್ನು ಹಲವು ಬ್ಯಾಪ್ಟಿಸ್ಟ್ ಸಭೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.