ಓದುಗರ ಪ್ರಶ್ನೆ: ವಿದೇಶದಲ್ಲಿರುವ ಮಗಳಿಗೆ ದುಡ್ಡು ಕಳಿಸಲು ಎಲ್ಲಿ ಕಮಿಷನ್ ಕಡಿಮೆ?

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಒಂದು ಕಡೆ ಕಮಿಷನ್ ಸೊನ್ನೆ ಅನ್ನುತ್ತಾರೆ, ನಮ್ಮ ಬ್ಯಾಂಕಿನಲ್ಲಿ ಸಾವಿರ ರೂಪಾಯಿ ಕೇಳುತ್ತಾರೆ. ಸೊನ್ನೆ ಇರುವ ಕಡೆಯೇ ಕಳಿಸುವುದು ಒಳ್ಳೆಯದಲ್ಲವೇ?

ಉತ್ತರ: ಅಡ್ಮಿಷನ್ ಸೀಸನ್ ಬಂತೆಂದರೆ ಇದೇ ಪ್ರಶ್ನೆ. ದೇಶ ಮಾತ್ರ ಬೇರೆ ಬೇರೆ: ಅಮೆರಿಕ, ಐರ್ಲೆಂಡ್, ಆಸ್ಟ್ರೇಲಿಯ. ಉತ್ತರ ಮಾತ್ರ ಒಂದೇ. ಕಮಿಷನ್ ನೋಡಬೇಡಿ, ರೇಟ್ ನೋಡಿ.

ಬ್ಯಾಂಕು ನಿಮ್ಮ ದುಡ್ಡನ್ನು ಹೊತ್ತುಕೊಂಡು ಹೋಗಿ ಕೊಟ್ಟು ಬರುವ ಕೂಲಿಯಾಳಲ್ಲ. ಅದು ನಿಮಗೆ ಯೂರೋ ಮಾರುತ್ತದೆ. ಮಾರುವವರ ಲಾಭ ಮಾರುವ ದರದಲ್ಲೇ ಕೂತಿರುತ್ತದೆ. ಮಜೂರಿ ಇಲ್ಲ ಎಂದು ಬೋರ್ಡ್ ಹಾಕಿ ವೇಸ್ಟೇಜ್‌ನಲ್ಲಿ ವಸೂಲು ಮಾಡುವ ಚಿನ್ನದಂಗಡಿಯ ಲೆಕ್ಕ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಅದೇ ಜನ ಬ್ಯಾಂಕಿಗೆ ಹೋದಾಗ ಕಮಿಷನ್ ಕಾಲಂ ಒಂದನ್ನೇ ನೋಡಿ ಬರುತ್ತಾರೆ.

ಲೆಕ್ಕ ಹಾಕೋಣ. ಅನುಕೂಲಕ್ಕೆ ಯೂರೋದ ಮಾರುಕಟ್ಟೆ ದರ 100 ರೂಪಾಯಿ ಅಂದುಕೊಳ್ಳಿ, ಕಳಿಸಬೇಕಾದದ್ದು 5,000 ಯೂರೋ. ಸೊನ್ನೆ ಕಮಿಷನ್ನಿನವರು 102.20ಕ್ಕೆ ಮಾರುತ್ತಾರೆ: 5,11,000 ರೂಪಾಯಿ. ಸಾವಿರ ಕೇಳುವವರು 100.60ಕ್ಕೆ ಮಾರುತ್ತಾರೆ: 5,03,000, ಅದರ ಮೇಲೆ ಕಮಿಷನ್ 1,000, ಆ ಕಮಿಷನ್ನಿಗೆ ಜಿಎಸ್‌ಟಿ 180, ಒಟ್ಟು 5,04,180. ಪುಕ್ಕಟೆ ಅಂದುಕೊಂಡ ಕಡೆ 6,820 ರೂಪಾಯಿ ಹೆಚ್ಚು ಹೋಯಿತು. ಈ ಮೊತ್ತಕ್ಕೆ ರೇಟಿನಲ್ಲಿ 10 ಪೈಸೆ ವ್ಯತ್ಯಾಸ ಅಂದರೆ 500 ರೂಪಾಯಿ. ಕಮಿಷನ್ನಿನಲ್ಲಿ ಇನ್ನೂರು ಉಳಿಸಲು ಚೌಕಾಸಿ ಮಾಡುವವರು ಈ ಪೈಸೆಗಳನ್ನು ಕೇಳುವುದೇ ಇಲ್ಲ.

"ಯಾವ ಚಾರ್ಜೂ ಇಲ್ಲ ಅಂತ ಮ್ಯಾನೇಜರ್ ಅವರೇ ಹೇಳಿದರು" ಎಂಬ ವಾದ ಬರುತ್ತದೆ. ಅವರು ಸುಳ್ಳು ಹೇಳಿಲ್ಲ, ಚಾರ್ಜಿನ ಕಾಲಂ ನಿಜಕ್ಕೂ ಖಾಲಿ. ಅದರ ಹಿಂದೆಯೇ ಬರುವುದು "ರೇಟ್ ರಿಸರ್ವ್ ಬ್ಯಾಂಕ್ ಫಿಕ್ಸ್ ಮಾಡುತ್ತೆ, ಎಲ್ಲ ಕಡೆ ಒಂದೇ" ಎನ್ನುವ ಮಾತು. ಇದು ಮಾತ್ರ ಪೂರ್ತಿ ತಪ್ಪು. ದಿನವೂ ಒಂದು ರೆಫರೆನ್ಸ್ ರೇಟ್ ಪ್ರಕಟವಾಗುವುದು ನಿಜ, 2018ರಿಂದ ಅದನ್ನು ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುತ್ತದೆ. ಆದರೆ ಆ ದರಕ್ಕೇ ನಿಮಗೆ ಮಾರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಗೂಗಲ್‌ನಲ್ಲಿ ಕಾಣುವುದು ಕೊಳ್ಳುವ-ಮಾರುವ ದರಗಳ ನಡುವಿನ ಅಂಕಿ. ನಿಮಗೆ ಅನ್ವಯಿಸುವುದು ಆ ಬ್ಯಾಂಕಿನ ಟಿಟಿ ಸೆಲ್ಲಿಂಗ್ ರೇಟ್, ಅಂದರೆ ವಿದೇಶಕ್ಕೆ ಕಳಿಸುವವರಿಗೆ ಅದು ಕರೆನ್ಸಿ ಮಾರುವ ದರ. ಎರಡರ ನಡುವಿನ ಅಂತರವೇ ಅವರ ಮಾರ್ಜಿನ್, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಒಂದೇ ಬ್ಯಾಂಕಿನಲ್ಲೂ ಗಿರಾಕಿಯಿಂದ ಗಿರಾಕಿಗೆ ಬೇರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: "ಅಲ್ಲಿ ಪೂರ್ತಿ 5,000 ಯೂರೋ ಕ್ರೆಡಿಟ್ ಆಗಬೇಕು. ನನ್ನ ಅಕೌಂಟಿನಿಂದ ಎಲ್ಲ ಸೇರಿ ಎಷ್ಟು ಡೆಬಿಟ್ ಆಗುತ್ತೆ?" ಎರಡು ಮೂರು ಕಡೆ, ಒಂದೇ ಗಂಟೆಯೊಳಗೆ ಕೇಳಿ. ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕೇಳಿದರೆ ನೀವು ಹೋಲಿಸುತ್ತಿರುವುದು ಬ್ಯಾಂಕುಗಳನ್ನಲ್ಲ, ಮಾರುಕಟ್ಟೆಯ ಏರಿಳಿತವನ್ನು. ಬಂದ ಉತ್ತರವನ್ನು ಮೆಸೇಜ್‌ನಲ್ಲಿ ತರಿಸಿಕೊಂಡು ನಿಮ್ಮ ಬ್ಯಾಂಕಿಗೆ ತೋರಿಸಿ, "ಟ್ರೆಷರಿಯಿಂದ ಸ್ಪೆಷಲ್ ರೇಟ್ ತರಿಸಿ" ಎನ್ನಿ. ಟ್ರೆಷರಿ ಎಂದರೆ ಬ್ಯಾಂಕಿನಲ್ಲಿ ದರ ಹಾಕುವ ವಿಭಾಗ. ಶಾಖೆಯ ಬೋರ್ಡಿನ ಮೇಲಿರುವುದು ಕಾರ್ಡ್ ರೇಟ್, ಕೇಳದವರಿಗೆ ಕೊಡುವ ದರ. ಶನಿವಾರ, ಭಾನುವಾರ ಆಪ್‌ನಲ್ಲಿ ಕಳಿಸಬೇಡಿ. ಮಾರುಕಟ್ಟೆ ಮುಚ್ಚಿರುವುದರಿಂದ ಸೋಮವಾರದ ರಿಸ್ಕನ್ನೂ ಸೇರಿಸಿಯೇ ದರ ಹಾಕಿರುತ್ತಾರೆ. ಕಳಿಸುವುದು ಡಾಲರ್ ಆದರೆ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಸಿಸಿಐಎಲ್‌ನ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆ 2019ರಿಂದ ಇದೆ. ಅಲ್ಲಿ ಬ್ಯಾಂಕುಗಳ ನಡುವಿನ ದರಕ್ಕೆ ಹತ್ತಿರದಲ್ಲೇ ಸಿಗುತ್ತದೆ. ನೋಂದಣಿಗೆ ನಿಮ್ಮ ಬ್ಯಾಂಕ್ ಒಪ್ಪಬೇಕು, ತನ್ನ ಫೀ ಎಷ್ಟೆಂದು ಮೊದಲೇ ಹೇಳಬೇಕು. ಶಾಖೆಯವರು ತಾವಾಗಿ ಇದರ ಸುದ್ದಿ ಎತ್ತುತ್ತಾರೆಂದು ಕಾಯಬೇಡಿ.

ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ, ಆದರೆ ಕರೆನ್ಸಿ ಪರಿವರ್ತನೆಗೂ ಜಿಎಸ್‌ಟಿ ಎಲ್ಲರಿಗೂ ಉಂಟು. 1 ಲಕ್ಷದವರೆಗೆ 0.18% (ಕನಿಷ್ಠ 45 ರೂ.), ಅಲ್ಲಿಂದ 10 ಲಕ್ಷದವರೆಗೆ 180 ರೂ. ಜೊತೆಗೆ ಮಿಕ್ಕಿದ್ದಕ್ಕೆ 0.09%. ಐದು ಲಕ್ಷ ಒಟ್ಟಿಗೆ ಕಳಿಸಿದರೆ 540 ರೂಪಾಯಿ, ಲಕ್ಷ ಲಕ್ಷದಂತೆ ಐದು ಸಲ ಕಳಿಸಿದರೆ 900, ಜೊತೆಗೆ ಐದು ಸಲ ಸ್ವಿಫ್ಟ್ (ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಜಾಲ) ಚಾರ್ಜು. ತಿಂಗಳು ತಿಂಗಳು ಕಳಿಸುವ ಬದಲು ಮೂರು ತಿಂಗಳಿಗೊಮ್ಮೆ ಕಳಿಸಿ.

ದಾರಿಯಲ್ಲಿ ಕಡಿತ ಆಗುವುದು ಇನ್ನೊಂದು. ಸ್ವಿಫ್ಟ್‌ನಲ್ಲಿ ಹೋಗುವ ಹಣ ನಡುವೆ ಇನ್ನೊಂದು ಬ್ಯಾಂಕನ್ನು ಹಾದು ಹೋಗಬಹುದು, ಅದು ತನ್ನ ಪಾಲು ಮುರಿದುಕೊಂಡು ಮುಂದೆ ದಾಟಿಸುತ್ತದೆ. ಫಾರಂನಲ್ಲಿ "ಎಸ್‌ಎಚ್‌ಎ" ಎಂದು ಗುರುತು ಮಾಡಿದರೆ ಆ ಕಡಿತ ಮಗಳ ಪಾಲಿಗೆ, "ಓಯುಆರ್" ಎಂದರೆ ನಿಮ್ಮ ಪಾಲಿಗೆ. ಮನೆ ಖರ್ಚಿಗಾದರೆ ಎಸ್‌ಎಚ್‌ಎ ಸಾಕು. ಯೂನಿವರ್ಸಿಟಿ ಫೀಸಿಗೆ ಮಾತ್ರ ಓಯುಆರ್ ಹಾಕಿಸಿ. ಇಪ್ಪತ್ತು ಯೂರೋ ಕಮ್ಮಿ ಬಿದ್ದರೆ ಫೀಸು ಪೂರ್ತಿ ಕಟ್ಟಿಲ್ಲ ಎಂದು ಕೂರುತ್ತದೆ, ಆ ಇಪ್ಪತ್ತನ್ನು ತುಂಬಲು ಮತ್ತೊಂದು ಸ್ವಿಫ್ಟ್. ಜರ್ಮನಿಯ ಐಬಿಎಎನ್, ಅಂದರೆ ಅಲ್ಲಿನ ಖಾತೆ ಸಂಖ್ಯೆ, ಅಕ್ಷರ-ಅಂಕಿ ಸೇರಿ 22, ಎಣಿಸಿ ನೋಡಿ. ತಪ್ಪಾಗಿ ಹಣ ವಾಪಸ್ ಬಂದರೆ ಬ್ಯಾಂಕು ಕೊಳ್ಳುವ ಟಿಟಿ ಬೈಯಿಂಗ್ ದರದಲ್ಲಿ ರೂಪಾಯಿ ಮಾಡುತ್ತಾರೆ. ಮಾರುವಾಗಲೂ ಅವರ ಮಾರ್ಜಿನ್, ವಾಪಸ್ ಕೊಳ್ಳುವಾಗಲೂ ಅವರದೇ.

"ಅಲ್ಲಿರುವ ಪರಿಚಯದವರು ಮಗಳ ಕೈಗೆ ಕೊಡುತ್ತಾರೆ, ನಾವು ಇಲ್ಲಿ ಅವರ ಮನೆಗೆ ಕೊಡುತ್ತೇವೆ" ಎನ್ನುವವರಿಗೆ: ಅದು ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ಉಲ್ಲಂಘನೆ. ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಬೀಳಬಹುದು.

ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ಆದಾಯ ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. 2025ರ ಏಪ್ರಿಲ್‌ನಿಂದ ಒಂದು ಹಣಕಾಸು ವರ್ಷದಲ್ಲಿ, ಒಂದು ಪ್ಯಾನ್‌ಗೆ, ಎಲ್ಲ ಬ್ಯಾಂಕೂ ಸೇರಿ 10 ಲಕ್ಷದವರೆಗೆ ಇದು ಇಲ್ಲ. ದಾಟಿದ ಭಾಗಕ್ಕೆ ಕುಟುಂಬ ನಿರ್ವಹಣೆಯಾದರೆ 20%. ವಿದ್ಯಾಭ್ಯಾಸಕ್ಕೆ ಬಹಳ ಕಡಿಮೆ, ಮಾನ್ಯತೆ ಪಡೆದ ಸಂಸ್ಥೆಯ ಶಿಕ್ಷಣ ಸಾಲದ ಹಣಕ್ಕೆ ಇಲ್ಲವೇ ಇಲ್ಲ. ಎಡವಟ್ಟು ಆಗುವುದು ವಿದೇಶಕ್ಕೆ ಹಣ ಕಳಿಸಲು ತುಂಬುವ ಎ2 ಫಾರಂನಲ್ಲಿ, ಹಣ ಯಾತಕ್ಕೆಂದು ತಿಳಿಸುವ ಪರ್ಪಸ್ ಕೋಡ್‌ನಲ್ಲಿ. ವಿದ್ಯಾಭ್ಯಾಸಕ್ಕೆ ಎಸ್0305, ಕುಟುಂಬ ನಿರ್ವಹಣೆಗೆ ಎಸ್1301. ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮುಂಚಿತವಾಗಿ ಇಡುವ ಜರ್ಮನಿಯ ಬ್ಲಾಕ್ಡ್ ಅಕೌಂಟಿಗೆ ಕಟ್ಟಬೇಕಾದ 11,904 ಯೂರೋವನ್ನು ಯೂರೋಗೆ 101ರಂತೆ ಹಿಡಿದರೆ ಸುಮಾರು 12 ಲಕ್ಷ. ಗುಮಾಸ್ತರು ಅವಸರದಲ್ಲಿ 1301 ಬರೆದರೆ ಮಿಕ್ಕ 2 ಲಕ್ಷಕ್ಕೆ 40,000 ಕಡಿತ. ಅಡ್ಮಿಷನ್ ಪತ್ರ ಜೊತೆಗಿಟ್ಟು, ಸಹಿ ಹಾಕುವ ಮುಂಚೆ ಕೋಡ್ ಓದಿ.

ಕಡಿತ ಆದರೂ ಅದು ಮುಳುಗಿದ ದುಡ್ಡಲ್ಲ. ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ತೆರಿಗೆ ವಿವರದಲ್ಲಿ ಕಾಣುತ್ತದೆ, ರಿಟರ್ನ್ಸ್‌ನಲ್ಲಿ ತೆರಿಗೆಗೆ ವಜಾ ಆಗುತ್ತದೆ ಅಥವಾ ರೀಫಂಡ್ ಬರುತ್ತದೆ. ಸಂಬಳದಾರರು ಕಂಪನಿಗೆ ತಿಳಿಸಿ ಟಿಡಿಎಸ್ ಅಷ್ಟು ಕಡಿಮೆ ಮಾಡಿಸಿಕೊಳ್ಳಬಹುದು. ಕಡಿತವೇ ಬೇಡವೆಂದರೆ ಅಪ್ಪ-ಅಮ್ಮ ತಂತಮ್ಮ ಖಾತೆಯಿಂದ, ತಂತಮ್ಮ ಪ್ಯಾನ್ ಕೊಟ್ಟು ಕಳಿಸಿ. ಇಲ್ಲವೇ ಒಂದಿಷ್ಟು ಮಾರ್ಚ್‌ನಲ್ಲಿ, ಉಳಿದದ್ದು ಏಪ್ರಿಲ್‌ನಲ್ಲಿ.

ಇಷ್ಟೆಲ್ಲ ಉಳಿಸಿದ್ದನ್ನು ಮಗಳು ಒಂದು ಬಟನ್ ಒತ್ತಿ ಕಳೆಯಬಹುದು. ಇಲ್ಲಿನ ಬ್ಯಾಂಕಿನ ಕಾರ್ಡನ್ನು ಅಲ್ಲಿನ ಎಟಿಎಂಗೆ ಹಾಕಿದರೆ "ರೂಪಾಯಿಯಲ್ಲಿ ಲೆಕ್ಕ ಹಾಕಲೇ, ಯೂರೋದಲ್ಲೇ?" ಎಂದು ಕೇಳುತ್ತದೆ. ರೂಪಾಯಿ ಕಂಡ ಕೂಡಲೇ ನಮ್ಮದು ಎಂದು ಒತ್ತಿಬಿಡುತ್ತಾರೆ. ಒತ್ತಿದರೆ ದರ ಹಾಕುವುದು ಆ ಎಟಿಎಂನವರು, ಅದು ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ಕೆಟ್ಟದು. ಯಾವಾಗಲೂ ಯೂರೋ ಆರಿಸಲು ಹೇಳಿ. ಪರಿವರ್ತನೆ ಬೇಡ ಎಂದು ಒತ್ತಿದರೆ ವ್ಯವಹಾರವೇ ರದ್ದಾಗುತ್ತದೆ ಎಂದು ಹೆದರಬೇಕಿಲ್ಲ, ದುಡ್ಡು ಬಂದೇ ಬರುತ್ತದೆ.