ಬಾಗಿಲು ತೆರೆದಿದೆ, ಬರೋದು ನಿಮ್ಮಿಷ್ಟ: ಕೊರೊನಾ ಕಾಲದ ಕಾಲೇಜುಗಳ ಹಿನ್ನೆಲೆ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಕೆಲಸದ ಇಂಟರ್‌ವ್ಯೂಗೆ ಹೋಗಿದ್ದನಂತೆ. ಅಲ್ಲಿದ್ದವರು ಅಂಕಪಟ್ಟಿ ತಿರುವಿ ಹಾಕಿ, ‘ಓ, ಕೊರೊನಾ ಪಾಸಾ?’ ಅಂತ ನಕ್ಕರಂತೆ. ‘ಸರ್, ಆಗ ಕಾಲೇಜು ಯಾವಾಗ ತೆಗೆದ್ರು, ಯಾವಾಗ ಮುಚ್ಚಿದ್ರು ಅಂತ ನನಗೇ ಸರಿಯಾಗಿ ನೆನಪಿಲ್ಲ. ಅವರಿಗೆ ಏನಂತ ಹೇಳಲಿ?’ ಅಂದ.

ನನಗೂ ಥಟ್ಟನೆ ಹೇಳೋಕೆ ಬರಲಿಲ್ಲ. ನಾನಾಗ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅಲ್ಲೇ ಇದ್ದವನಿಗೇ ಈ ಗತಿ. 2020ರಲ್ಲಿ ಮುಚ್ಚಿದ ಕಾಲೇಜು ಕೊರೊನಾ ಹೋದ ಮೇಲೆ ತೆರೆಯಿತು ಅಂತ ಈಗ ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗಲಿಲ್ಲ. ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕೆಲವು ಕಡೆ ಮತ್ತೂ ಒಂದು ಸಲ ಮುಚ್ಚಿತು. ಅದಕ್ಕೇ ಒಂದೊಂದೇ ತಾರೀಖು ಹಿಡಿದು ಈ ಗಂಟು ಬಿಡಿಸಲು ಕೂತೆ.

ಸಾಂಕ್ರಾಮಿಕ ನಮಗೇನೂ ಹೊಸದಲ್ಲ. 1898ರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದ ಪ್ಲೇಗು ಊರಿಗೆ ಊರನ್ನೇ ಖಾಲಿ ಮಾಡಿಸಿ, ಪ್ಲೇಗಮ್ಮನ ಗುಡಿಗಳನ್ನು ಬಿಟ್ಟುಹೋಯಿತು. 1918ರ ಇನ್‌ಫ್ಲುಯೆಂಜಾ ಬಂದಾಗ ಮೈಸೂರು ವಿಶ್ವವಿದ್ಯಾಲಯಕ್ಕೆ ಎರಡೇ ವರ್ಷ. ಪ್ಲೇಗಿನ ಕಾಲಕ್ಕೆಂದು 1897ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯೇ 2020ರಲ್ಲೂ ಕಪಾಟಿನಿಂದ ಹೊರಬಂತು. ಆದರೆ ಲಕ್ಷಾಂತರ ಹುಡುಗರು ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಕಾಲಕ್ಕೆ ಏನು ಮಾಡಬೇಕು ಅಂತ ಆ ಕಾಯ್ದೆಯಲ್ಲಿ ಇರಲಿಲ್ಲ. ಇರೋದಾದರೂ ಹೇಗೆ?

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಅಂತ 12ರಂದು ಖಚಿತವಾಯಿತು. ಮರುದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲು, ಸಿನಿಮಾ ಮಂದಿರ, ವಿಶ್ವವಿದ್ಯಾಲಯ ಎಲ್ಲ ಒಂದು ವಾರ ಬಂದ್ ಎಂದರು. ಒಂದು ವಾರ! ನಮ್ಮ ಹುಡುಗರು ರಜೆ ಸಿಕ್ಕಿತು ಅಂತ ಖುಷಿಯಾಗಿ ಊರಿಗೆ ಹೋದರು. ಹಾಸ್ಟೆಲ್‌ನವರು ಪೆಟ್ಟಿಗೆ, ಪುಸ್ತಕ ಎಲ್ಲ ಅಲ್ಲೇ ಬಿಟ್ಟರು. ಮುಂದೆ ಎಷ್ಟೋ ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು.

ಆಮೇಲಿನ ತಿಂಗಳುಗಳ ಚಿಂತೆಯೆಲ್ಲ ಪರೀಕ್ಷೆಯದೇ. ಪಾಠದ ಮಾತು ಹಿಂದೆ ಬಿತ್ತು. ಬಾಕಿ ಉಳಿದಿದ್ದ ದ್ವಿತೀಯ ಪಿಯು ಇಂಗ್ಲಿಷ್ ಪರೀಕ್ಷೆ ಜೂನ್ 18ರಂದು ನಡೆಯಿತು. ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಸೆಸ್ಸೆಲ್ಸಿ. ಪದವಿಯವರ ಕಥೆ ಬೇರೆ. ಜುಲೈ 6ರಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂತಿಮ ವರ್ಷದವರಿಗೆ ಸೆಪ್ಟೆಂಬರ್ ಒಳಗೆ ಪರೀಕ್ಷೆ ಕಡ್ಡಾಯ ಎಂದಿತು. ಇದಾಗಿ ನಾಲ್ಕು ದಿನಕ್ಕೆ ರಾಜ್ಯ ಸರ್ಕಾರ, ಉಳಿದ ವರ್ಷಗಳವರನ್ನು ಪರೀಕ್ಷೆ ಇಲ್ಲದೆ ಮುಂದಕ್ಕೆ ಕಳಿಸುವುದಾಗಿ ಹೇಳಿತು. ಅರ್ಧ ಅಂಕ ಇಂಟರ್ನಲ್ಸ್‌ನಿಂದ, ಅರ್ಧ ಹಿಂದಿನ ಸೆಮಿಸ್ಟರಿನಿಂದ. ಫೋನ್ ಮಾಡಿದ ಹುಡುಗ 2018ರಲ್ಲಿ ಬಿ.ಎ. ಸೇರಿದವನು. ಅವನ ‘ಕೊರೊನಾ ಪಾಸ್’ ಅಂದರೆ ಈ ನಾಲ್ಕನೇ ಸೆಮಿಸ್ಟರು, ಆರರಲ್ಲಿ ಒಂದು. ಯುಜಿಸಿಯ ಮಾತನ್ನು ಆಗಸ್ಟ್ 28ರಂದು ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು: ರಾಜ್ಯಗಳು ಪರೀಕ್ಷೆ ಮುಂದೂಡಲು ಕೇಳಬಹುದು, ಪರೀಕ್ಷೆಯೇ ಇಲ್ಲದೆ ಪದವಿ ಕೊಡುವಂತಿಲ್ಲ.

ಇನ್ನು ತರಗತಿ. ಮೊದಲು ಅಕ್ಟೋಬರ್ ಎಂದರು. ಆ ತಿಂಗಳ ಆರಂಭದಲ್ಲೇ ರಾಜ್ಯದಲ್ಲಿ ದಿನಕ್ಕೆ 10 ಸಾವಿರದಷ್ಟು ಹೊಸ ಪ್ರಕರಣ. ಯಾರಿಗೂ ಧೈರ್ಯ ಬರಲಿಲ್ಲ. ಅಕ್ಟೋಬರ್ 23ರಂದು ಹೊಸ ದಿನಾಂಕ ಬಂತು: ನವೆಂಬರ್ 17ರಿಂದ ಪದವಿ, ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳು ಶುರು.

ಈ ಗಂಟಿನ ಬಿಗಿ ಎಲ್ಲ ಇಲ್ಲೇ ಇರೋದು. ಸ್ವಲ್ಪ ನಿಧಾನವಾಗಿ ನೋಡೋಣ.

ದೆಹಲಿಯ ಗೃಹ ಸಚಿವಾಲಯ ಸೆಪ್ಟೆಂಬರ್ 30ರ ಮಾರ್ಗಸೂಚಿಯಲ್ಲಿ, ಅಕ್ಟೋಬರ್ 15ರ ನಂತರ ಶಾಲೆಗಳನ್ನು ತೆರೆಯುವ ವಿಚಾರವನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತ್ತು. ನವೆಂಬರ್ 5ರಂದು ಯುಜಿಸಿ ತನ್ನ ಮಾರ್ಗಸೂಚಿ ಕಳಿಸಿತು. ರಾಜ್ಯದ ಕಾಲೇಜುಗಳ ಬಗ್ಗೆ ಅದು ಹೇಳಿದ್ದೂ ಅದನ್ನೇ, ತೀರ್ಮಾನ ರಾಜ್ಯ ಸರ್ಕಾರದ್ದು. ಜೊತೆಗೆ ಒಂದು ಸಲಕ್ಕೆ ಅರ್ಧದಷ್ಟು ಹುಡುಗರಷ್ಟೇ, ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಒಬ್ಬರೇ ಎಂದು ಸೇರಿಸಿತು. ನಮ್ಮೂರಿನ ಹಾಸ್ಟೆಲಿನಲ್ಲಿ ಕೋಣೆಗೆ ಎಂಟು ಟ್ರಂಕು ಇರುತ್ತಿದ್ದವು. ಅದನ್ನು ಓದಿ ವಾರ್ಡನ್ ಏನೂ ಹೇಳಲಿಲ್ಲ, ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ರಾಜ್ಯ ಸರ್ಕಾರ ದಿನಾಂಕವನ್ನೇನೋ ಹೇಳಿತು. ಆದರೆ ಹಾಜರಿ ಕಡ್ಡಾಯವಲ್ಲ, ಬೇಕಾದವರು ಬನ್ನಿ, ಬೇಡವಾದವರು ಆನ್‌ಲೈನಿನಲ್ಲೇ ಕೇಳಿ ಎಂದಿತು. ಬರುವವರು ಎರಡು ಕಾಗದ ತರಬೇಕು. ಒಂದು, ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಇನ್ನೊಂದು, 72 ಗಂಟೆಯೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ. ಅಂದರೆ ತೆರೆಯಬೇಕೋ ಬೇಡವೋ ಎಂಬ ಪ್ರಶ್ನೆ ದೆಹಲಿಯಿಂದ ಬೆಂಗಳೂರಿಗೆ ಬಂತು, ಬೆಂಗಳೂರಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಿನ್ಸಿಪಾಲರ ಮೇಜಿಗೆ ಇಳಿಯಿತು. ಕೊನೆಗೆ ಹೋಗಿ ನಿಂತದ್ದು ಹೊಲದಲ್ಲಿ ಕೆಲಸ ಮಾಡುತ್ತಿದ್ದ ಯಾರದೋ ಅಪ್ಪನ ಹೆಬ್ಬೆಟ್ಟಿನ ಹತ್ತಿರ.

ದಿನಾಂಕ ನೋಡಿ. ನವೆಂಬರ್ 14 ನರಕ ಚತುರ್ದಶಿ, 15 ಭಾನುವಾರ, 16 ಬಲಿಪಾಡ್ಯಮಿ. ಕಾಲೇಜು 17ಕ್ಕೆ. 72 ಗಂಟೆಯ ಲೆಕ್ಕ ಹಿಡಿದರೆ ಗಂಟಲ ದ್ರವ ಕೊಡಬೇಕಾದದ್ದು ದೀಪಾವಳಿಯ ಮೂರು ದಿನಗಳಲ್ಲೇ. ವರದಿ ಬರೋಕೆ ಎರಡು ಮೂರು ದಿನ ಬೇರೆ ಬೇಕು. ಈ ಲೆಕ್ಕವನ್ನು ಮಾಡಿದವರು ಹಬ್ಬದ ಕ್ಯಾಲೆಂಡರ್ ನೋಡಿರಲಿಲ್ಲ ಅಂತ ಕಾಣುತ್ತೆ. ಹೀಗಾಗಿ 17ರ ಬೆಳಿಗ್ಗೆ ನಮ್ಮ ಹುಡುಗರು ಬಂದರು, ಬಂದದ್ದು ಮಾತ್ರ ಆಸ್ಪತ್ರೆಯ ಸಾಲಿಗೆ. ಕ್ಲಾಸ್‌ರೂಮ್‌ಗಳು ಖಾಲಿ ಇದ್ದವು. ಬಿ.ಎ. ಕೊನೆಯ ವರ್ಷದ ಒಂದು ತರಗತಿಯಲ್ಲಿ ಅವತ್ತು ಮೂವರು ಕೂತಿದ್ದರು. ಬೆಂಚಿಗೊಬ್ಬರಂತೆ, ಎರಡು ಬೆಂಚು ಬಿಟ್ಟು. ಅವರೆದುರು ನಾನು ಮಾಸ್ಕ್ ಹಾಕಿಕೊಂಡು ಪಾಠ ಮಾಡಿದೆ. ಯಾರು ನಗುತ್ತಿದ್ದಾರೆ, ಯಾರಿಗೆ ಅರ್ಥವಾಗಿಲ್ಲ, ಒಂದೂ ತಿಳಿಯುತ್ತಿರಲಿಲ್ಲ.

ಒಪ್ಪಿಗೆ ಪತ್ರಗಳದೇ ಒಂದು ಕಥೆ. ಅರ್ಧಕ್ಕರ್ಧ ಸಹಿ ಹುಡುಗರೇ ಹಾಕಿಕೊಂಡದ್ದು. ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು, ನಾವೂ ಸುಮ್ನಿದ್ವಿ. ಒಬ್ಬ ಹುಡುಗಿಯ ಅಪ್ಪ ಮಾತ್ರ ಮಗಳ ಜೊತೆ ಖುದ್ದಾಗಿ ಆಫೀಸಿಗೆ ಬಂದರು. ಮಾಸ್ಕ್ ಇರಲಿಲ್ಲ, ಟವೆಲನ್ನೇ ಮೂಗಿಗೆ ಸುತ್ತಿಕೊಂಡಿದ್ದರು. ಮಗಳು ಪತ್ರವನ್ನು ಓದಿ ಹೇಳಿದಳು. ಸ್ಟಾಂಪ್ ಪ್ಯಾಡಿನ ಮೇಲೆ ಹೆಬ್ಬೆಟ್ಟು ಇಟ್ಟವರು ಅಲ್ಲೇ ತಡೆದು, ‘ಸಾರ್, ಇದುನ್ನ ಒತ್ತಿದ್ರೆ ನಾಳೆ ಏನಾರ ಆದ್ರೆ ನಮ್ಮ ಮೇಲೇನಾ?’ ಅಂತ ಕೇಳಿದರು. ಗುಮಾಸ್ತರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಮೇಜಿನ ಮೇಲಿದ್ದ ಸುತ್ತೋಲೆ ನೋಡಿದರು. ಸುತ್ತೋಲೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವರು ಒತ್ತಿದರು. ಮಗಳು ಓದಬೇಕಿತ್ತಲ್ವಾ.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಕಾಲೇಜು ತೆರೆಯಲಿ ಅಂತ ಕಾದು ಕೂತವರಲ್ಲಿ ನಾನೂ ಒಬ್ಬ. ಆಗ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ. ಪಾಠ ನಡೆದರೆ ಅದು, ಇಲ್ಲದಿದ್ದರೆ ಅದೂ ಅನುಮಾನ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ನಮ್ಮಂಥವರು ಸುಮಾರು 14 ಸಾವಿರ ಮಂದಿ ಇದ್ದೆವು. ಖಾಸಗಿ ಕಾಲೇಜುಗಳಿಗೆ ಫೀಸಿನ ಚಿಂತೆ, ಪೇಟೆಯ ಪಿ.ಜಿ. ನಡೆಸುವವರಿಗೆ ಬಾಡಿಗೆಯ ಚಿಂತೆ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಅಂಗಡಿಯದೇ ಚಿಂತೆ. ಹೊರಗೆ ಎಲ್ಲರೂ ‘ಮಕ್ಕಳ ಭವಿಷ್ಯ’ ಅನ್ನುತ್ತಿದ್ದೆವು. ಅದೂ ಸುಳ್ಳಲ್ಲ, ಆದರೆ ಅದೊಂದೇ ಅಲ್ಲ.

ಹಾಗಂತ ಮುಚ್ಚಿಯೇ ಇಡಬೇಕಿತ್ತಾ? ಹಾಗೆನ್ನುವವರು ಮಲೆನಾಡಿನ ಗುಡ್ಡಗಳನ್ನು ನೋಡಿಲ್ಲ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದವರು, ಮರದ ಕೆಳಗೆ ಟಾರ್ಪಾಲು ಕಟ್ಟಿಕೊಂಡವರು ಎಷ್ಟು ಮಂದಿ! ಸುಳ್ಯ ತಾಲ್ಲೂಕಿನ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ರಸ್ತೆ ಬದಿ ಮಳೆಯಲ್ಲಿ ಕೂತು ಪಾಠ ಕೇಳುತ್ತಿದ್ದ, ಅಪ್ಪ ಕೊಡೆ ಹಿಡಿದು ನಿಂತಿದ್ದ ಫೋಟೊ 2021ರ ಜೂನ್‌ನಲ್ಲಿ ದೇಶವೆಲ್ಲ ಓಡಾಡಿತು. ಅದೇ ತಿಂಗಳು ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರು ಮಾಡಿದರು. ಟ್ಯಾಬ್ ಬಂತು. ಟವರ್ ಬರಲಿಲ್ಲ.

ಗೊಂದಲ ಜಾಸ್ತಿಯಾಗಲು ಇನ್ನೊಂದು ಕಾರಣ ಇದೆ. ಹೊರಗಿನವರಿಗೆ ಎಲ್ಲವೂ ‘ಕಾಲೇಜು’. ಸರ್ಕಾರದಲ್ಲಿ ಅದು ಮೂರು ನಾಲ್ಕು ಇಲಾಖೆ. ಪದವಿ, ಇಂಜಿನಿಯರಿಂಗ್ ಉನ್ನತ ಶಿಕ್ಷಣದ್ದು. ಪಿಯು ಶಾಲಾ ಶಿಕ್ಷಣ ಸಚಿವರದು. ಮೆಡಿಕಲ್ ಬೇರೆ ಸಚಿವರದು. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣನಿಗೆ ನವೆಂಬರ್ 17, ಮೆಡಿಕಲ್ ಓದುವ ಅಕ್ಕನಿಗೆ ಡಿಸೆಂಬರ್ 1, ದ್ವಿತೀಯ ಪಿಯು ತಮ್ಮನಿಗೆ ಜನವರಿ 1, ಪ್ರಥಮ ಪಿಯು ತಂಗಿಗೆ ಫೆಬ್ರುವರಿ 1. ಹೋಗುವುದು ಒಂದೇ ಬಸ್ಸಿನಲ್ಲಿ. ವೈರಸ್ಸಿಗೆ ಇಲಾಖೆ ಗೊತ್ತಿರಲಿಲ್ಲ. ಬಸ್ಸಿನದೂ ಒಂದು ಕಥೆ: ಡಿಸೆಂಬರ್‌ನಲ್ಲಿ ನಾಲ್ಕು ದಿನ ಸಾರಿಗೆ ನೌಕರರ ಮುಷ್ಕರ, ಏಪ್ರಿಲ್ 7ರಿಂದ ಮತ್ತೆ ಎರಡು ವಾರ. ಕಾಲೇಜು ಇದ್ದಾಗ ಬಸ್ಸಿಲ್ಲ, ಬಸ್ಸು ಬಂದಾಗ ಕಾಲೇಜಿಲ್ಲ.

2021ರ ಜನವರಿ 15ರಿಂದ ಪದವಿಯ ಎಲ್ಲ ವರ್ಷದವರೂ ಬರಬಹುದು ಎಂದಾಯಿತು. ಆ ಎರಡೂವರೆ ತಿಂಗಳು ನಿಜಕ್ಕೂ ಕಾಲೇಜು ನಡೆದ ಕಾಲ. ಕ್ಯಾಂಟೀನಿನಲ್ಲಿ ಗಲಾಟೆ ಕೇಳಿಸಿತು. ಮಾಸ್ಕ್ ಗಲ್ಲಕ್ಕೆ ಇಳಿಯಿತು. ಅಷ್ಟರಲ್ಲೇ ಫೆಬ್ರುವರಿಯಲ್ಲಿ ಮಂಗಳೂರು ಮತ್ತು ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಗುಂಪುಗುಂಪಾಗಿ ಸೋಂಕು ಕಾಣಿಸಿಕೊಂಡಿತು, ಬಹಳಷ್ಟು ಮಂದಿ ಕೇರಳದಿಂದ ಬಂದವರು. ಕೇರಳದಿಂದ ಬರುವವರಿಗೆಲ್ಲ 72 ಗಂಟೆಯ ವರದಿ ಕಡ್ಡಾಯವಾಯಿತು. ಇದರ ಪೆಟ್ಟು ಬಿದ್ದದ್ದು ಕಾಸರಗೋಡಿನ ಹುಡುಗರಿಗೆ. ಮಂಜೇಶ್ವರ, ಉಪ್ಪಳದಿಂದ ಬೆಳಿಗ್ಗೆ ಹೊರಟು ಮಂಗಳೂರಿನಲ್ಲಿ ಓದಿ ಸಂಜೆ ಮನೆಗೆ ಹೋಗುವವರು ಅವರು. ಎಷ್ಟೋ ಜನ ಕನ್ನಡ ಮಾಧ್ಯಮದಲ್ಲೇ ಓದಿದವರು. ದಿನಾ ಓಡಾಡುವವರು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕಾ? ತಲಪಾಡಿ ಗಡಿಯಲ್ಲಿ ಪ್ರತಿಭಟನೆ ನಡೆಯಿತು. ನಿಯಮ ಸಡಿಲವಾಯಿತು, ಮುಂದೆ ಮತ್ತೆ ಬಿಗಿಯಾಯಿತು.

ಮಾರ್ಚ್‌ನಲ್ಲಿ ಮಣಿಪಾಲದ ಇಂಜಿನಿಯರಿಂಗ್ ಕ್ಯಾಂಪಸ್ಸೇ ಕಂಟೈನ್‌ಮೆಂಟ್ ವಲಯವಾಯಿತು. ಏಪ್ರಿಲ್ ಮೊದಲ ವಾರ ಬಹುತೇಕ ತರಗತಿಗಳು ನಿಂತವು, 27ರಿಂದ ರಾಜ್ಯವೇ ಬಂದ್. ಮೇ 5ರಂದು ಒಂದೇ ದಿನ 50,112 ಪ್ರಕರಣ. ಆ ದಿನಗಳಲ್ಲಿ ಕಾಲೇಜು ತೆರೆಯುವ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನೋಟ್ಸ್ ಬರುವುದು ನಿಂತು, ಆಕ್ಸಿಜನ್ ಎಲ್ಲಿ ಸಿಗುತ್ತೆ ಅಂತ ಕೇಳುವ ಮೆಸೇಜುಗಳು ಬರುತ್ತಿದ್ದವು.

ಎರಡನೇ ಸಲ ತೆರೆದಾಗ ಕಾಗದ ಬದಲಾಗಿತ್ತು. 2021ರ ಜುಲೈ 26ರಿಂದ ಕನಿಷ್ಠ ಒಂದು ಡೋಸ್ ಲಸಿಕೆ ಹಾಕಿಸಿಕೊಂಡವರಿಗೆ ತರಗತಿ. ಕಾಲೇಜುಗಳಲ್ಲೇ ಲಸಿಕೆ ಶಿಬಿರ ನಡೆಯಿತು. ನನ್ನ ಮಟ್ಟಿಗೆ ಈ ಎರಡು ವರ್ಷಗಳಲ್ಲಿ ಹುಡುಗರ ಕೈಗೆ ಏನಾದರೂ ಕೊಟ್ಟು ಆಮೇಲೆ ಕರೆದದ್ದು ಇದೊಂದೇ ಸಲ. ಉಳಿದಾಗೆಲ್ಲ ಅವರಿಂದ ಏನಾದರೂ ಬರೆಸಿಕೊಂಡೇ ಕರೆದದ್ದು.

ಲಸಿಕೆಯೂ ಪೂರ್ತಿ ಕಾಯಲಿಲ್ಲ ಎನ್ನುವುದು ನವೆಂಬರ್‌ನಲ್ಲಿ ಧಾರವಾಡದ ಮೆಡಿಕಲ್ ಕಾಲೇಜೊಂದರಲ್ಲಿ ಗೊತ್ತಾಯಿತು. ಒಂದು ಸಮಾರಂಭದ ನಂತರ ಮೊದಲು 66 ಮಂದಿಗೆ ಸೋಂಕು, ಕೆಲವೇ ದಿನಗಳಲ್ಲಿ 281. ಹೆಚ್ಚಿನವರು ಎರಡೂ ಡೋಸ್ ಪಡೆದವರು. ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣ ವರದಿಯಾದವು. 2022ರ ಜನವರಿ 6ರಿಂದ ಬೆಂಗಳೂರಿನ ಕಾಲೇಜುಗಳು ಮತ್ತೆ ಮುಚ್ಚಿ, 31ಕ್ಕೆ ತೆರೆದವು. ಬೇರೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳೇ ನೋಡಿಕೊಂಡರು. ನಾವು ಆಗ ತರಗತಿ ಬಿಟ್ಟು ಮುಷ್ಕರದಲ್ಲಿ ಕೂತಿದ್ದೆವು. ಅದೇ ಜನವರಿಯಲ್ಲಿ ಗೌರವಧನ ಏರಿತು, ಅದರ ಜೊತೆಗೇ ಎಷ್ಟೋ ಜನರ ಕೆಲಸ ಹೋಯಿತು. ಅದು ಬೇರೆಯೇ ಲೇಖನ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಅವನ ಪಾಲಿಗೆ ಬಂದದ್ದು ಇಷ್ಟು: ಪರೀಕ್ಷೆ ಇಲ್ಲದ ಒಂದು ಸೆಮಿಸ್ಟರು, ಆಸ್ಪತ್ರೆಯ ಸಾಲು, ಜನವರಿಯಿಂದ ಮಾರ್ಚ್‌ವರೆಗಿನ ತರಗತಿ, ಕೊನೆಗೆ ಲಸಿಕೆ ಹಾಕಿಸಿಕೊಂಡು ಬರೆದ ಪರೀಕ್ಷೆ. ಎಲ್ಲ ಕೇಳಿಸಿಕೊಂಡು, ‘ಸರ್, ನಮ್ಮ ಒಪ್ಪಿಗೆ ಪತ್ರಗಳು ಏನಾದ್ವು?’ ಅಂತ ಕೇಳಿದ.

ಅದು ನನಗೆ ಗೊತ್ತಿತ್ತು. 2022ರ ಕೊನೆಗೆ ಸ್ಟಾಕ್ ಪರಿಶೀಲನೆ ಮಾಡುವಾಗ ಆಫೀಸಿನ ಬೀರುವಿನ ಕೆಳಗಿನ ಖಾನೆಯಲ್ಲಿ ಅವು ಸಿಕ್ಕಿದ್ದವು. ಸುತ್ತಲೂ ದಾರ ಕಟ್ಟಿತ್ತು, ಅಂಚುಗಳಿಗೆ ಗೆದ್ದಲು ಮುಟ್ಟಿತ್ತು. ರದ್ದಿಗೆ ಹಾಕಬಹುದಾ ಅಂತ ಕೇಳಿದೆ. ‘ಹಾಕಿ ಅಂತ ಆದೇಶ ಬಂದಿಲ್ಲ, ಇಟ್ಕೊಳ್ಳಿ ಅಂತಾನೂ ಬಂದಿಲ್ಲ, ಇರ್ಲಿ ಬಿಡಿ ಸರ್’ ಅಂತ ಗುಮಾಸ್ತರು ಅದನ್ನು ವಾಪಸ್ ಅದೇ ಖಾನೆಗೆ ತಳ್ಳಿ ಬೀಗ ಹಾಕಿದರು.