ಮಿಣಮಿಣ ಬಲ್ಬಿಗೆ ಪ್ರಶ್ನೆ ಇಡಿಸಬೇಡಿ

ಸ್ವಿಚ್ ಆಫ್ ಮಾಡಿ ಮಲಗಿದ ಮೇಲೂ ಎಲ್‌ಇಡಿ ಬಲ್ಬು ಮಿಣಮಿಣ ಅನ್ನುತ್ತಿದೆಯಾ? ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವ ಮೊದಲು ದಯವಿಟ್ಟು ವಯರಿಂಗ್‌ನವರನ್ನು ಕರೆಸಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ಅದರಲ್ಲೂ ಮಳೆಗಾಲದ ಆಟಿ ತಿಂಗಳು ಬಂತು ಅಂದರೆ ಮುಗಿಯಿತು. ಹೊರಗೆ ಧೋ ಅಂತ ಮಳೆ, ಕರೆಂಟು ಹೋಗುತ್ತದೆ, ಬರುತ್ತದೆ, ನಡುರಾತ್ರಿ ಯಾರೂ ಮುಟ್ಟದ ಬಲ್ಬು ತಾನಾಗಿ ಉರಿಯುತ್ತದೆ. "ಎಂತದೋ ಉಪದ್ರ ಉಂಟು ಮಾರಾಯ" ಅಂತ ಶುರು. ದೈವಗಳ ಮೇಲೆ ನನಗೂ ಭಕ್ತಿ ಉಂಟು. ಆದರೆ ಗುಳಿಗನಿಗೆ ನಮ್ಮ ಒಂಬತ್ತು ವಾಟಿನ ಬಲ್ಬಿನಲ್ಲಿ ಏನು ಕೆಲಸ?

ಈಗ ಗಲ್ಫ್‌ನಿಂದ ಬಂದವರು, ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು, ಎಲ್ಲರೂ ಮನೆಗೆ ಫೋನಿನಿಂದಲೇ ಉರಿಸಿ ಆರಿಸುವ ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಸ್ವಿಚ್ಚು ಹಾಕಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಈ ಮಿಣಮಿಣ ಯಾಕೆ ಅಂತ ಗೊತ್ತಿಲ್ಲದೆ ಸ್ಮಾರ್ಟ್ ಸ್ವಿಚ್ಚು ತಂದರೆ ದುಡ್ಡು ಹಾಳು. ಎರಡಕ್ಕೂ ಬೇರು ಒಂದೇ.

ಮಹಡಿ ಮೆಟ್ಟಿಲಿನ ಬಲ್ಬನ್ನೇ ತೆಗೆದುಕೊಳ್ಳಿ. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಗೋಡೆಯೊಳಗಿನ ಪೈಪಿನಲ್ಲಿ ಕರೆಂಟು ಇರುವ ವಯರು ಮತ್ತು ಸದ್ಯಕ್ಕೆ ಕರೆಂಟು ಇಲ್ಲದ ವಯರು ಪಕ್ಕಪಕ್ಕದಲ್ಲೇ ಹತ್ತು ಮೀಟರ್ ಓಡಿರುತ್ತವೆ. ನಡುವೆ ಪ್ಲಾಸ್ಟಿಕ್ಕಿನ ಹೊದಿಕೆ. ಎರಡು ಲೋಹ, ನಡುವೆ ಕರೆಂಟು ಹರಿಯದ ಒಂದು ವಸ್ತು. ಇಷ್ಟಿದ್ದರೆ ಅದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಜೋಡಣೆ. ಯಾರೂ ಬೇಕು ಅಂತ ಇಟ್ಟಿದ್ದಲ್ಲ, ಸುಮ್ನೆ ಆಗಿಬಿಟ್ಟಿದೆ.

1745-46ರಲ್ಲಿ ಯುರೋಪಿನವರು ಕಂಡುಕೊಂಡದ್ದೂ ಇದನ್ನೇ. ಜರ್ಮನಿಯ ಫಾನ್ ಕ್ಲೈಸ್ಟ್, ಹಾಲೆಂಡಿನ ಲೈಡನ್ ಊರಿನ ಮುಸೆನ್‌ಬ್ರೂಕ್, ಇಬ್ಬರೂ ಬೇರೆ ಬೇರೆಯಾಗಿ. ಗಾಜಿನ ಪಾತ್ರೆ, ಒಳಗೆ ನೀರು, ಹೊರಗೆ ಹಿಡಿದ ಕೈ. ಘರ್ಷಣೆಯಿಂದ ಹುಟ್ಟಿಸಿದ ವಿದ್ಯುತ್ತು ಆ ಪಾತ್ರೆಯಲ್ಲಿ ಸೇರುತ್ತಾ ಹೋಯಿತು, ಮುಟ್ಟಿದವರಿಗೆ ಮೈಯೆಲ್ಲ ನಡುಗುವ ಹಾಗೆ ಹೊಡೆಯಿತು. ಆಮೇಲೆ ಫ್ರಾನ್ಸಿನಲ್ಲಿ ನೊಲೆ ಎಂಬ ಪಾದ್ರಿ ರಾಜನ ಎದುರು 180 ಸಿಪಾಯಿಗಳನ್ನು ಕೈಕೈ ಹಿಡಿಸಿ ನಿಲ್ಲಿಸಿದ, ಪಾತ್ರೆಯ ಶಾಕನ್ನು ಸಾಲಿನೊಳಗೆ ಬಿಟ್ಟ, ಎಲ್ಲರೂ ಒಟ್ಟಿಗೆ ಹಾರಿದರು! ಪಾಪದ ಸನ್ಯಾಸಿಗಳನ್ನೂ ಅವನು ಬಿಡಲಿಲ್ಲ. ಅವರನ್ನೂ ಹೀಗೇ ಸಾಲಾಗಿ ನಿಲ್ಲಿಸಿ ಹಾರಿಸಿದ. ವಿಷಯ ಎಲ್ಲಿಗೋ ಹೋಯಿತು, ಇರಲಿ. ಹೇಳಬೇಕಾದದ್ದು ಇಷ್ಟೇ, ನಿಮ್ಮ ಮೆಟ್ಟಿಲಿನ ಗೋಡೆಯೊಳಗೂ ಅಂಥದ್ದೇ ಒಂದು ಉಂಟು, ಬಹಳ ಸಣ್ಣದು.

ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುತ್ತದೆ. ಹಾಗಾಗಿ ವಯರು ಮುಟ್ಟದಿದ್ದರೂ ಪ್ಲಾಸ್ಟಿಕ್ಕಿನ ಆಚೆಗೆ ಒಂದು ಚೂರು ಕರೆಂಟು ದಾಟುತ್ತದೆ. ಲೆಕ್ಕ ಹಾಕಿ ನೋಡಿ. ಹತ್ತು ಮೀಟರ್ ಜೋಡಿ ವಯರು ವಿದ್ಯುತ್ತನ್ನು ಹಿಡಿದಿಡುವ ಅಳತೆ (ಕೆಪಾಸಿಟೆನ್ಸ್) ಹೆಚ್ಚುಕಡಿಮೆ ಒಂದು ನ್ಯಾನೋಫ್ಯಾರಡ್. 230 ವೋಲ್ಟಿಗೆ ಅದರಿಂದ ಸುಮಾರು 70 ಮೈಕ್ರೋ ಆಂಪಿಯರ್ ಬರುತ್ತದೆ. ಹಳೆಯ 60 ವಾಟಿನ ಬುರುಡೆ ಬಲ್ಬಿಗೆ ಬೇಕಾಗಿದ್ದದ್ದು ಕಾಲು ಆಂಪಿಯರ್, ಅಂದರೆ ಇದರ ಮೂರೂವರೆ ಸಾವಿರ ಪಟ್ಟಿಗಿಂತ ಜಾಸ್ತಿ. ಅಷ್ಟಿಲ್ಲದೆ ಅದರ ತಂತಿ ಬಿಸಿಯೇ ಆಗುವುದಿಲ್ಲ. ಎಲ್‌ಇಡಿಗೆ ಬಿಸಿ ಆಗಬೇಕಾದ ಹಂಗಿಲ್ಲ. ಕೊಟ್ಟಷ್ಟು ಕರೆಂಟಿಗೆ ಅಷ್ಟು ಬೆಳಕು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಅದು ಧಾರಾಳ ಕಾಣುತ್ತದೆ.

ಅಜ್ಜನ ಕಾಲದಲ್ಲಿ ಈ ಉಪದ್ರ ಯಾಕೆ ಇರಲಿಲ್ಲ ಅಂತ ಕೇಳುವವರಿಗೆ ಉತ್ತರ ಇದೇ. ಕರೆಂಟು ಆಗಲೂ ಸೋರುತ್ತಿತ್ತು, ತೋರಿಸುವ ಬಲ್ಬು ಇರಲಿಲ್ಲ. ನಮ್ಮ ಜಿಲ್ಲೆಯ ಪೀಲಿಕೋಡು ಪಂಚಾಯತು ಹಳೆಯ ಬುರುಡೆ ಬಲ್ಬುಗಳನ್ನೇ (ಫಿಲಮೆಂಟ್) ಬಿಟ್ಟು ದೇಶಕ್ಕೆ ಹೆಸರಾಯಿತು. ಈಗ ತೋರಿಸುವ ಬಲ್ಬು ಮನೆಮನೆಯಲ್ಲೂ ಉಂಟು.

ಇನ್ನು ಕೆಲವು ಬಲ್ಬು ಸಣ್ಣಗೆ ಉರಿಯುವ ಬದಲು ಕೆಲವು ಸೆಕೆಂಡಿಗೊಮ್ಮೆ ಫಕ್ ಅಂತ ಮಿಂಚಿ ಆರುತ್ತವೆ. ಇದು ನನಗೆ ಬಹಳ ಇಷ್ಟದ ಸಂಗತಿ. ಎನ್ಮಕಜೆ, ಬಾಯಾರು ಕಡೆ ನೀರಿಗಾಗಿ ಗುಡ್ಡ ಕೊರೆದ ಸುರಂಗ ನೋಡಿದವರಿಗೆ ಥಟ್ಟನೆ ಅರ್ಥ ಆಗುತ್ತದೆ. ಮುರಕಲ್ಲಿನಿಂದ, ಅಂದರೆ ನಮ್ಮ ಕೆಂಪು ಕಲ್ಲಿನಿಂದ, ನೀರು ಜಿನುಗುವುದು ಹನಿಹನಿಯಾಗಿ, ಆ ಹನಿಯಲ್ಲಿ ತೋಟಕ್ಕೆ ನೀರು ಬಿಡುವುದಕ್ಕಾಗುವುದಿಲ್ಲ. ಅದಕ್ಕೇ ಹೊರಗೆ ಟಾಂಕಿ ಕಟ್ಟಿರುತ್ತಾರೆ. ರಾತ್ರಿಯಿಡೀ ತುಂಬುತ್ತದೆ, ಬೆಳಿಗ್ಗೆ ತೂಬು ತೆಗೆದರೆ ಅಡಿಕೆ ಬುಡಕ್ಕೆ ನೀರು ಧುಮುಕುತ್ತದೆ, ಟಾಂಕಿ ಖಾಲಿ, ಮತ್ತೆ ಹನಿ. ಬಲ್ಬಿನ ಒಳಗೂ ಒಂದು ಟಾಂಕಿ ಉಂಟು, ಕರೆಂಟನ್ನು ಸಮ ಮಾಡುವ ಕೆಪಾಸಿಟರ್. ಸೋರಿ ಬಂದ ಕರೆಂಟು ಅದರಲ್ಲಿ ಸೇರುತ್ತದೆ. ಒಂದು ಮಟ್ಟಕ್ಕೆ ಬಂದಾಗ ಒಳಗಿನ ಎಲೆಕ್ಟ್ರಾನಿಕ್ ಚಿಪ್ ಎಚ್ಚರಾಗಿ ತೂಬು ತೆಗೆಯುತ್ತದೆ, ಫಕ್! ಟಾಂಕಿ ಖಾಲಿ.

ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ ಇದೇ ಕಥೆ. ಆಫ್ ಮಾಡಿದಾಗ ಕೆಂಪಗೆ ಉರಿಯುವ ಆ ಸಣ್ಣ ನಿಯಾನ್ ದೀಪದ ಕರೆಂಟು ದಾಟಿ ಹೋಗುವುದು ಬಲ್ಬಿನ ಮೂಲಕವೇ.

ಇಷ್ಟರವರೆಗೆ ಅಪಾಯ ಏನೂ ಇಲ್ಲ. ಆದರೆ ಮೂರನೆಯ ಕಾರಣ ಒಂದುಂಟು, ವಯರಿಂಗ್‌ನವರನ್ನು ಕರೆಸಿ ಅಂದದ್ದು ಅದಕ್ಕೇ. ಸ್ವಿಚ್ಚು ಇರಬೇಕಾದದ್ದು ಫೇಸ್ ವಯರಿನಲ್ಲಿ, ಅಂದರೆ ಕರೆಂಟು ತರುವ ವಯರಿನಲ್ಲಿ. ಯಾರೋ ಅವಸರದಲ್ಲಿ ಕರೆಂಟು ಮರಳುವ ವಯರಿಗೆ, ಅಂದರೆ ನ್ಯೂಟ್ರಲ್‌ಗೆ ಹಾಕಿಬಿಟ್ಟರೆ ಸ್ವಿಚ್ ಆಫ್ ಆದರೂ ಹೋಲ್ಡರಿನಲ್ಲಿ 230 ವೋಲ್ಟ್ ಕೂತಿರುತ್ತದೆ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದವರ ಗತಿ? ಸ್ಕ್ರೂಡ್ರೈವರ್ ಟೆಸ್ಟರ್ ಇಟ್ಟು ನೀವೇ ತೀರ್ಮಾನಿಸಬೇಡಿ. ಟೆಸ್ಟರಿನ ನಿಯಾನ್ ದೀಪಕ್ಕೂ ಮೈಕ್ರೋ ಆಂಪಿಯರ್ ಸಾಕು, ಬರೀ ಸೋರಿಕೆಗೂ ಉರಿಯುತ್ತದೆ. ಗೊತ್ತಿರುವವರು ಮೈನ್ ಆಫ್ ಮಾಡಿ ನೋಡಲಿ.

ಈಗ ಸ್ಮಾರ್ಟ್ ಸ್ವಿಚ್ಚಿಗೆ ಬರುತ್ತೇನೆ. ಅದರೊಳಗೆ ವೈಫೈ ಕೇಳಿಸಿಕೊಳ್ಳುವ ಒಂದು ಪುಟ್ಟ ಕಂಪ್ಯೂಟರ್ ಇದೆ. ದೀಪ ಆಫ್ ಇದ್ದಾಗಲೂ ಅದಕ್ಕೆ ಕರೆಂಟು ಬೇಕು. ಅದಕ್ಕೆ ಫೇಸೂ ಬೇಕು, ನ್ಯೂಟ್ರಲೂ ಬೇಕು. ಹಳೆಯ ಮನೆಗಳ ಎಷ್ಟೋ ಸ್ವಿಚ್ ಬಾಕ್ಸಿಗೆ ಫೇಸ್ ಮಾತ್ರ ಬಂದಿರುತ್ತದೆ. ಅದೇ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ಉಂಟು ಅಂತ ಲೆಕ್ಕ, ಖರೀದಿ ಸಲೀಸು. ಇಲ್ಲದಿದ್ದರೆ ಅಂಗಡಿಯವರು "ನ್ಯೂಟ್ರಲ್ ಬೇಡದ್ದೂ ಬರ್ತದೆ" ಅನ್ನುತ್ತಾರೆ. ಬರುತ್ತದೆ, ಹೌದು. ಆದರೆ ಅದು ಬದುಕುವುದು ಹೇಗೆ? ಆಫ್ ಇದ್ದಾಗಲೂ ಬಲ್ಬಿನ ಮೂಲಕ ಚೂರು ಕರೆಂಟು ಎಳೆದುಕೊಂಡು! ನೀವು ಯಾವುದನ್ನು ಉಪದ್ರ ಅಂತ ಹೆದರಿದ್ದಿರೋ ಅದನ್ನೇ ಎಂಜಿನಿಯರುಗಳು ಬೇಕಂತಲೇ ಮಾಡಿದ್ದಾರೆ. ಹಾಗಾಗಿ ಮಿಣಮಿಣ ಅನ್ನುವ ಮನೆಯಲ್ಲಿ ಇದನ್ನು ಹಾಕಿದರೆ ಮಿಣಮಿಣ ಇನ್ನೂ ಜಾಸ್ತಿಯಾಗಬಹುದು. ಡಬ್ಬಿಯಲ್ಲಿ ಒಂದು ಸಣ್ಣ ಕೆಪಾಸಿಟರ್ ಕೊಟ್ಟಿದ್ದರೆ ಬಿಸಾಡಬೇಡಿ. ಅದನ್ನು ಬಲ್ಬಿನ ಎರಡು ತುದಿಗೆ ಅಡ್ಡವಾಗಿ ಜೋಡಿಸಬೇಕು. ಸೋರುವ ಕರೆಂಟು ಬಲ್ಬನ್ನು ಬಿಟ್ಟು ಅದರಲ್ಲಿ ಹೋಗುತ್ತದೆ.

ಸ್ವಿಚ್ಚು ಬೇಡ, ಸ್ಮಾರ್ಟ್ ಬಲ್ಬೇ ಸಾಕು ಅನ್ನುವವರಿಗೆ ನ್ಯೂಟ್ರಲ್ ತಲೆಬಿಸಿ ಇಲ್ಲ, ಬೇರೆ ತಲೆಬಿಸಿ ಉಂಟು. ಗೋಡೆಯ ಸ್ವಿಚ್ಚು ಯಾವಾಗಲೂ ಆನ್ ಇರಬೇಕು. ನಮ್ಮಲ್ಲಿ ಅಜ್ಜಿ ಇರುವ ಮನೆಯಲ್ಲಿ ಅದು ಸಾಧ್ಯವಾ? ಕೋಣೆಯಿಂದ ಹೊರಗೆ ಬರುವಾಗ ಟಕ್ ಅಂತ ಆರಿಸುವುದು ಅವರ ಕೈಗೆ ಅಭ್ಯಾಸ, ಅದು ಒಳ್ಳೆಯ ಅಭ್ಯಾಸವೂ ಹೌದು. ಅಲ್ಲಿಗೆ ಬಲ್ಬು ಬರೀ ಬಲ್ಬು, ಫೋನಿಗೆ ಓಗೊಡುವುದಿಲ್ಲ. ಹಿರಿಯರಿರುವ ಮನೆಗೆ ಸ್ಮಾರ್ಟ್ ಸ್ವಿಚ್ಚೇ ವಾಸಿ, ಓದುವ ಮೇಜಿನ ದೀಪಕ್ಕೆ ಬೇಕಾದರೆ ಬಲ್ಬು. ಕಾಯುತ್ತಾ ಕೂತ ಬಲ್ಬು ಅರ್ಧ ವಾಟ್ ತಿನ್ನುತ್ತದೆ ಅಂತ ಇಟ್ಟುಕೊಂಡರೂ ಹತ್ತು ಬಲ್ಬಿಗೆ ತಿಂಗಳಿಗೆ ಮೂರೂವರೆ ಯೂನಿಟ್ಟು, ಹೆದರುವಂಥದ್ದಲ್ಲ.

ಆಟಿಯ ರಾತ್ರಿ ತಾನಾಗಿ ಉರಿಯುವ ಸ್ಮಾರ್ಟ್ ಬಲ್ಬಿನ ಗುಟ್ಟೂ ಇಲ್ಲೇ ಉಂಟು. ಕರೆಂಟು ಬಂದ ಕೂಡಲೇ ಉರಿಯಬೇಕು ಅಂತಲೇ ಎಷ್ಟೋ ಬಲ್ಬುಗಳನ್ನು ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಇಲ್ಲದಿದ್ದರೆ ಗೋಡೆಯ ಸ್ವಿಚ್ಚು ಹಾಕಿದವರಿಗೆ ಬೆಳಕೇ ಬರುವುದಿಲ್ಲ ನೋಡಿ. ಆ್ಯಪ್‌ನಲ್ಲಿ "ಮೊದಲಿದ್ದ ಸ್ಥಿತಿ" ಅನ್ನುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ, ಅದನ್ನು ಒತ್ತಿದರೆ ಸಾಕು. ಇನ್ನೊಂದು ತಮಾಷೆ ಕೇಳಿ. ಹಲವು ಬಲ್ಬುಗಳನ್ನು ಹೊಸದಾಗಿ ಫೋನಿಗೆ ಜೋಡಿಸಬೇಕಾದರೆ ಸ್ವಿಚ್ಚನ್ನು ಬೇಗಬೇಗ ಕೆಲವು ಸಲ ಆನ್ ಆಫ್ ಮಾಡಬೇಕು. ಗಾಳಿಗೆ ಕೊಂಬೆ ತಂತಿಗೆ ತಾಗಿ ಕರೆಂಟು ಪಟಪಟ ಹೋಗಿ ಬಂದರೆ ಬಲ್ಬಿಗೆ ಅದೇ ಅಪ್ಪಣೆ! ಹಳೆಯದೆಲ್ಲ ಮರೆತು ಪಿಳಿಪಿಳಿ ಬಡಿಯಲು ಶುರು ಮಾಡುತ್ತದೆ.

ಕೊಳ್ಳುವಾಗ ಇನ್ನೆರಡು ಮಾತು ನೆನಪಿರಲಿ. ಈ ಬಲ್ಬುಗಳು ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ರೂಟರಿನಲ್ಲಿ ಅದು ಆನ್ ಇರಲಿ. ನಮ್ಮ ಮುರಕಲ್ಲಿನ ದಪ್ಪ ಗೋಡೆ, ಅದೂ ಮಳೆಗೆ ನೆನೆದದ್ದು, ಸಿಗ್ನಲನ್ನು ಚೆನ್ನಾಗಿ ನುಂಗುತ್ತದೆ. ಬೇಕಲ ಕೋಟೆ ಕಟ್ಟಿದ್ದೂ ಇದೇ ಕಲ್ಲಿನಲ್ಲಿ ಅಲ್ವಾ! ಬಲ್ಬಿನಿಂದ ಬಲ್ಬಿಗೆ ಮಾತು ದಾಟಿಸುವ ಜಿಗ್‌ಬೀ ಜಾತಿಯವು ಇಂಥ ಮನೆಗೆ ಹೆಚ್ಚು ಹೊಂದುತ್ತವೆ, ಅದಕ್ಕೆ ಬಲ್ಬುಗಳನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಹಬ್ ಎಂಬ ಬೇರೆ ಪೆಟ್ಟಿಗೆ ಬೇಕು. ಜೊತೆಗೆ ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುವಂಥದ್ದೇ ತೆಗೆದುಕೊಳ್ಳಿ. 2022ರಲ್ಲಿ ಬಂದ ಮ್ಯಾಟರ್ ಎಂಬ, ಕಂಪನಿಗಳೆಲ್ಲ ಸೇರಿ ಒಪ್ಪಿಕೊಂಡ ನಿಯಮದ ಗುರುತು ಇದ್ದರೆ ಈ ಭರವಸೆ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿಗಿಂತ ಮೊದಲು ಹೋಗುವುದು ಇಂಟರ್ನೆಟ್ಟೇ.